ಮನೆಯಲ್ಲಿ ಎಆರ್-15 ಇಟ್ಟುಕೊಳ್ಳುವುದು ಸರಿನಾ? ಟೆಕ್ಸಸ್‌ನಿಂದ ಒಂದು ಪ್ರಶ್ನೆ

ಫ್ರಿಸ್ಕೋ_ಕನ್ನಡಿಗ

ಎಲ್ಲರಿಗೂ ನಮಸ್ಕಾರ. ಡಲ್ಲಾಸ್ ಕಡೆ ನಮ್ಮ ಗೆಳೆಯರ ಗುಂಪಿನಲ್ಲಿ ಒಂದು ಮಾತು ಪದೇ ಪದೇ ಬರುತ್ತಿದೆ. ಮನೆಗೊಂದು ಎಆರ್-15 ರೈಫಲ್ ತಗೊಳ್ಳಬೇಕಾ, ಬೇಡವಾ? ಗ್ರೀನ್ ಕಾರ್ಡ್ ಬಂದ ಕೆಲವರು ಈಗಾಗಲೇ ರೇಂಜಿಗೆ ಹೋಗಿ ಗುರಿ ಹೊಡೆಯುವುದನ್ನು ಕಲಿಯುತ್ತಿದ್ದಾರೆ. 2023ರ ಮೇ 6ರಂದು ಆ್ಯಲನ್ ಔಟ್‌ಲೆಟ್ ಮಾಲ್‌ನಲ್ಲಿ ಎಂಟು ಜನ ಸತ್ತರಲ್ಲ, ಈ ಮಾತು ಜೋರಾಗಿದ್ದು ಅದಾದ ಮೇಲೆ. ಊರಿಂದ ಅಪ್ಪ ಅಮ್ಮ ಬಂದರೆ ನಾವೆಲ್ಲ ಒಂದು ಶನಿವಾರ ಕರೆದುಕೊಂಡು ಹೋಗುವ ಜಾಗ ಅದು. ಅವತ್ತೂ ಶನಿವಾರವೇ. ಸತ್ತವರಲ್ಲಿ ಹೈದರಾಬಾದ್ ಕಡೆಯ ಒಬ್ಬ ಎಂಜಿನಿಯರ್ ಹುಡುಗಿಯೂ ಇದ್ದಳು, ಅಕ್ಕ ತಂಗಿಯರಾದ ಇಬ್ಬರು ಪುಟ್ಟ ಶಾಲಾ ಮಕ್ಕಳೂ ಇದ್ದರು.

ಕೆಲವರು "ಅದಕ್ಕೇ ನಮ್ಮ ಹತ್ತಿರವೂ ಇರಬೇಕು" ಎನ್ನುತ್ತಾರೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ನನ್ನ ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಥರದ ರೈಫಲ್ ಯಾರ ಕೈಗೆ ಹೋಗುತ್ತದೆ ಅನ್ನುವುದನ್ನು ಸರ್ಕಾರ ಮೊದಲೇ ನೋಡಬೇಕು. ಪರವಾನಗಿ, ಬೆರಳಚ್ಚು, ತರಬೇತಿ, ಸ್ವಲ್ಪ ದಿನ ಕಾಯುವುದು, ಇಷ್ಟೆಲ್ಲ ಆದ ಮೇಲೆ ಕೊಡಲಿ. ಈಗ ಟೆಕ್ಸಸ್‌ನಲ್ಲಿ ಹೇಗಿದೆ? ಅಂಗಡಿಯಲ್ಲಿ ಒಂದು ಫಾರಂ ತುಂಬಿಸುತ್ತೀರಿ, ಎಫ್‌ಬಿಐ ಹಿನ್ನೆಲೆ ತಪಾಸಣೆ ಎಷ್ಟೋ ಸಲ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ, ಡಬ್ಬಿ ಹಿಡಿದು ಹೊರಗೆ ಬರುತ್ತೀರಿ. ಖಾಸಗಿಯಾಗಿ ಒಬ್ಬರಿಂದ ಒಬ್ಬರು ಕೊಂಡರೆ ಆ ತಪಾಸಣೆಯೂ ಕಡ್ಡಾಯ ಇಲ್ಲ. ಇನ್ನೊಂದು ವಿಷಯ ನೋಡಿ. ಅಂಗಡಿಯಲ್ಲಿ ಪಿಸ್ತೂಲು ಕೊಳ್ಳಲು 21 ವರ್ಷ ಆಗಿರಬೇಕು, ರೈಫಲ್‌ಗೆ 18 ಸಾಕು. ಉವಾಲ್ಡೆ ಶಾಲೆಯಲ್ಲಿ 2022ರ ಮೇ 24ರಂದು 19 ಮಕ್ಕಳನ್ನೂ ಇಬ್ಬರು ಟೀಚರ್‌ಗಳನ್ನೂ ಕೊಂದವನಿಗೆ ಆಗಷ್ಟೇ 18 ತುಂಬಿತ್ತು. ಹುಟ್ಟುಹಬ್ಬ ಕಳೆದ ಕೆಲವೇ ದಿನಗಳಲ್ಲಿ ಎರಡು ರೈಫಲ್ ಕಾನೂನುಬದ್ಧವಾಗಿಯೇ ಕೊಂಡಿದ್ದ.

ಕೋವಿ ಇರುವವರು, ಇಲ್ಲದವರು, ಊರಿನವರು ಎಲ್ಲರೂ ಬರೆಯಿರಿ. ಬೈದಾಟ ಮಾತ್ರ ಬೇಡ.

ಹಿಲ್‌ಕಂಟ್ರಿ_ಹೆಗಡೆ

ನಾನು ಎಆರ್ ಇಟ್ಟುಕೊಂಡವನು, ಹಾಗಾಗಿ ನಾನೇ ಮೊದಲು ಬರೆಯುತ್ತೇನೆ. ಸ್ಯಾನ್ ಆಂಟೋನಿಯೋದಿಂದ ಆಚೆ ಸ್ವಲ್ಪ ಜಮೀನು ಇದೆ, ಕಾಡುಹಂದಿ ಕಾಟ ವಿಪರೀತ. ಒಂದು ರಾತ್ರಿಗೆ ಇಪ್ಪತ್ತು ಮೂವತ್ತು ಹಂದಿ ಹಿಂಡಾಗಿ ಬಂದು ಹೊಲ ಅಗೆದು ಹೋಗುತ್ತವೆ. ಒಂದಕ್ಕೆ ಗುಂಡು ಹೊಡೆದರೆ ಉಳಿದವು ಚೆದುರಿ ಓಡುತ್ತವೆ, ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆಯಬೇಕಾದ ರೈಫಲ್ ಆದರೆ ಮತ್ತೆ ಗುರಿ ಹಿಡಿಯುವಷ್ಟರಲ್ಲಿ ಒಂದೂ ಇರುವುದಿಲ್ಲ. ಇಲ್ಲಿನ ರೈತರು ಎಆರ್ ಇಟ್ಟುಕೊಳ್ಳುವುದು ಶೋಕಿಗಲ್ಲ.

ಕೆಲವು ವಿಷಯ ಸ್ಪಷ್ಟ ಆಗಲಿ. ಎಆರ್-15 ಮಷಿನ್ ಗನ್ ಅಲ್ಲ. ಒಂದು ಸಲ ಟ್ರಿಗರ್ ಎಳೆದರೆ ಒಂದೇ ಗುಂಡು, ಇದಕ್ಕೆ ಸೆಮಿ ಆಟೋಮ್ಯಾಟಿಕ್ ಅನ್ನುತ್ತಾರೆ. ಸೈನ್ಯದ ಎಂ-16ರಲ್ಲಿ ಎಳೆದು ಹಿಡಿದರೆ ಸಾಲಾಗಿ ಹಾರುತ್ತವೆ, ಅಂಥದ್ದಕ್ಕೆ 1934ರಿಂದಲೇ ಬಿಗಿ ಕಾನೂನು ಇದೆ. 1986ರ ನಂತರ ತಯಾರಾದ ಮಷಿನ್ ಗನ್ ಜನಸಾಮಾನ್ಯರಿಗೆ ಸಿಗುವುದೇ ಇಲ್ಲ. ಆರ್ಮಲೈಟ್ ಕಂಪನಿಯಲ್ಲಿ ಯೂಜಿನ್ ಸ್ಟೋನರ್ ಮಾಡಿದ ವಿನ್ಯಾಸವನ್ನು 1959ರಲ್ಲಿ ಕೋಲ್ಟ್ ಕೊಂಡುಕೊಂಡಿತು, 1964ರಿಂದ ಜನರಿಗೆ ಮಾರುತ್ತಿದೆ. ಅಂದರೆ ಅರವತ್ತು ವರ್ಷದಿಂದ ಅಂಗಡಿಯಲ್ಲಿರುವ ಸಾಮಾನು ಇದು. ಈಗ ದೇಶದಲ್ಲಿ ಎರಡು ಕೋಟಿಗೂ ಜಾಸ್ತಿ ಇವೆ ಅಂತ ಉದ್ಯಮದವರ ಲೆಕ್ಕ.

ಸಾವಿನ ಲೆಕ್ಕವನ್ನೂ ನೋಡಿ. 2021ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸತ್ತವರು 48,830 ಜನ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ, 26,328, ಆತ್ಮಹತ್ಯೆ. ಬಂದೂಕಿನ ಕೊಲೆಗಳಲ್ಲಿ ಎಲ್ಲ ಥರದ ರೈಫಲ್ ಸೇರಿಸಿದರೂ ಎಫ್‌ಬಿಐ ಅಂಕಿ ಪ್ರಕಾರ 3 ಶೇಕಡಾ ಆಸುಪಾಸು. ಉಳಿದದ್ದು ಬಹುಪಾಲು ಪಿಸ್ತೂಲು. ಎಲ್ಲರೂ ರೈಫಲ್ ಹಿಂದೆ ಬಿದ್ದಿರುವುದು ಅದು ನೋಡಲು ಭಯ ಹುಟ್ಟಿಸುತ್ತದೆ ಅಂತ ಅಷ್ಟೇ.

ಮತ್ತೆ 2017ರ ನವೆಂಬರ್‌ನಲ್ಲಿ ಸದರ್ಲೆಂಡ್ ಸ್ಪ್ರಿಂಗ್ಸ್ ಚರ್ಚಿನಲ್ಲಿ 26 ಜನರನ್ನು ಕೊಂದವನ ಮೇಲೆ ಗುಂಡು ಹಾರಿಸಿ ಅವನನ್ನು ಓಡಿಸಿದ್ದು ಪಕ್ಕದ ಮನೆಯವರು. ಅವರ ಕೈಯಲ್ಲಿದ್ದದ್ದು ಎಆರ್-15. ಬರಿಗಾಲಿನಲ್ಲೇ ಓಡಿ ಬಂದಿದ್ದರು.

ಕೊನೆಗೆ, ನಮ್ಮ ಕೊಡಗಿನಲ್ಲೂ ಮನೆ ಮನೆಯಲ್ಲಿ ಕೋವಿ ಇದೆಯಲ್ಲ, ಲೈಸೆನ್ಸೂ ಬೇಡ. ಅಲ್ಲಿ ಯಾರೂ ಶಾಲೆಗೆ ನುಗ್ಗುವುದಿಲ್ಲ. ಕೋವಿಯದ್ದೇ ತಪ್ಪಾದರೆ ಅಲ್ಲೂ ಆಗಬೇಕಿತ್ತಲ್ವಾ?

ಎಡಿಸನ್_ಅಕ್ಕ

ಹೆಗಡೆಯವರೇ, ಹಂದಿ ಕಾಟ ನಿಜ, ಒಪ್ಪುತ್ತೇನೆ. ಆದರೆ ಫ್ರಿಸ್ಕೋದವರು ಕೇಳಿದ್ದು ಬ್ಯಾನ್ ಬಗ್ಗೆ ಅಲ್ಲ, ಪರವಾನಗಿ ಬಗ್ಗೆ.

ನಾವು ನ್ಯೂಜೆರ್ಸಿಯಲ್ಲಿ ಇರುವವರು. ಇಲ್ಲಿ ರೈಫಲ್, ಶಾಟ್‌ಗನ್ ಕೊಳ್ಳಬೇಕಾದರೆ ಮೊದಲು ಗುರುತಿನ ಕಾರ್ಡ್ ಬೇಕು, ಪಿಸ್ತೂಲಿಗೆ ಬೇರೆ ಪರ್ಮಿಟ್. ನಮ್ಮವರು ಮಾಡಿಸಿದ್ದರು, ಅವರಿಗೆ ರೇಂಜಿನ ಹುಚ್ಚು. ಪೊಲೀಸರಿಗೆ ಅರ್ಜಿ, ಬೆರಳಚ್ಚು, ಮಾನಸಿಕ ಆರೋಗ್ಯದ ದಾಖಲೆ ನೋಡಲು ಒಪ್ಪಿಗೆ ಪತ್ರ, ನಿಮ್ಮನ್ನು ಚೆನ್ನಾಗಿ ಬಲ್ಲ ಇಬ್ಬರ ಹೆಸರು. ಆ ಇಬ್ಬರನ್ನು ವಿಚಾರಿಸುತ್ತಾರೆ. ನಮ್ಮವರು ಕೊಟ್ಟಿದ್ದ ಒಬ್ಬ ಗೆಳೆಯರ ಹೆಂಡತಿ ನನಗೆ ಫೋನ್ ಮಾಡಿ "ಏನೇ ಇದು, ನಿಮ್ಮೆಜಮಾನರು ಹೇಗೆ ಅಂತ ಕೇಳಿದ್ದಾರೆ, ಕುಡಿತಾರಾ, ಕೋಪ ಜಾಸ್ತಿನಾ ಅಂತೆಲ್ಲ" ಅಂದರು. ಅವತ್ತು ನನಗೆ ಸಮಾಧಾನ ಆಯಿತು, ನಿಜ ಹೇಳುತ್ತೇನೆ. ಮನೆಗೆ ಬಂದೂಕು ಬರುವ ಮೊದಲು ಯಾರೋ ಒಬ್ಬರು ಕೂತು ಅಷ್ಟು ವಿಚಾರ ಮಾಡಿದರಲ್ಲ ಅಂತ.

ಇಲ್ಲಿ 1990ರಿಂದ ಎಆರ್-15 ಥರದ ಅಸಾಲ್ಟ್ ಬಂದೂಕುಗಳಿಗೆ ನಿಷೇಧವೂ ಇದೆ, ಈಗ ಮ್ಯಾಗಜಿನ್‌ಗೆ, ಅಂದರೆ ಗುಂಡು ತುಂಬಿ ಬಂದೂಕಿಗೆ ಸಿಕ್ಕಿಸುವ ಡಬ್ಬಿಗೆ, ಹತ್ತು ಗುಂಡಿನ ಮಿತಿಯೂ ಇದೆ. ಹಾಗಂತ ಇಲ್ಲಿ ಬೇಟೆಯವರು, ರೇಂಜಿನವರು ಇಲ್ಲವೇ ಇಲ್ಲ ಅಂತೇನಿಲ್ಲ.

ಶಿಕಾಗೋ_ನರ್ಸ್

ನಾನು ಆಸ್ಪತ್ರೆಯಲ್ಲಿ ತೀವ್ರ ಗಾಯಗಳನ್ನು ನೋಡುವ ಟ್ರಾಮಾ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. "ಭಯ ಹುಟ್ಟಿಸುತ್ತದೆ ಅಷ್ಟೇ" ಅನ್ನುವ ಮಾತಿಗೆ ಉತ್ತರ ಕೊಡಲೇಬೇಕು ಅನ್ನಿಸಿತು.

ಪಿಸ್ತೂಲಿನ ಗುಂಡು ಸೆಕೆಂಡಿಗೆ 350 ಮೀಟರ್ ಸುಮಾರು ವೇಗದಲ್ಲಿ ಬರುತ್ತದೆ. ಎಆರ್-15ರದ್ದು 900 ಮೀಟರಿಗೂ ಜಾಸ್ತಿ. ಗುಂಡು ಪುಟ್ಟದು, ನಾಲ್ಕು ಗ್ರಾಂ ಕೂಡ ಇರುವುದಿಲ್ಲ. ಆದರೆ ಆ ವೇಗದಲ್ಲಿ ಮೈಗೆ ಹೊಕ್ಕರೆ ಸುತ್ತಲಿನ ಮಾಂಸ ಒಂದು ಕ್ಷಣ ಬಲೂನಿನಂತೆ ಉಬ್ಬಿ ಹರಿದು ಹೋಗುತ್ತದೆ. ಪಿಸ್ತೂಲಿನ ಗುಂಡು ಲಿವರ್ ದಾಟಿ ಹೋದರೆ ಒಂದು ತೂತು ಇರುತ್ತದೆ, ಸರ್ಜನ್ ಅದನ್ನು ಹುಡುಕಿ ಹೊಲಿಯಬಹುದು, ಎಷ್ಟೋ ಜನ ನಡೆದುಕೊಂಡು ಮನೆಗೆ ಹೋಗಿದ್ದಾರೆ. ರೈಫಲ್ ಗುಂಡು ಹೋದರೆ ಹೊಲಿಯಲು ಲಿವರೇ ಉಳಿದಿರುವುದಿಲ್ಲ. ರಕ್ತನಾಳಕ್ಕೆ ನೇರವಾಗಿ ತಾಗದೆ ಪಕ್ಕದಲ್ಲಿ ಹೋದರೂ ಅದು ಹರಿದಿರುತ್ತದೆ. ದೊಡ್ಡವರ ಮೈಯಲ್ಲೇ ಹೀಗಾದರೆ ಹತ್ತು ವರ್ಷದ ಮಗುವಿನ ಮೈಯಲ್ಲಿ? ಉವಾಲ್ಡೆಯಲ್ಲಿ ಮಕ್ಕಳ ಗುರುತು ಹಿಡಿಯಲು ಅಪ್ಪ ಅಮ್ಮಂದಿರ ಡಿಎನ್‌ಎ ಮಾದರಿ ತಗೊಂಡರು. ಒಂದು ಹುಡುಗಿಯ ಗುರುತು ಸಿಕ್ಕಿದ್ದು ಅವಳ ಹಸಿರು ಶೂಗಳಿಂದ.

ಇಲ್ಲಿ ನಮ್ಮ ಹತ್ತಿರದ ಹೈಲ್ಯಾಂಡ್ ಪಾರ್ಕಿನಲ್ಲಿ 2022ರ ಜುಲೈ 4ರ ಮೆರವಣಿಗೆ ಮೇಲೆ ಒಬ್ಬ ಛಾವಣಿ ಹತ್ತಿ ಗುಂಡು ಹಾರಿಸಿದ. ಒಂದು ನಿಮಿಷದೊಳಗೆ ಎಂಬತ್ತಕ್ಕೂ ಜಾಸ್ತಿ ಗುಂಡು. ಏಳು ಜನ ಸತ್ತರು, ಗಾಯಗೊಂಡವರು ನಲವತ್ತಕ್ಕೂ ಹೆಚ್ಚು. ಅದಾದ ಮೇಲೇ 2023ರ ಜನವರಿಯಲ್ಲಿ ಇಲಿನಾಯ್ ಈ ರೈಫಲ್‌ಗಳ ಮಾರಾಟ ನಿಲ್ಲಿಸಿತು.

ಹೆಗಡೆ ಸರ್ ಹೇಳಿದ ಲೆಕ್ಕ ಸರಿಯಾಗಿದೆ, ಅದನ್ನು ಅಲ್ಲಗಳೆಯುವುದಿಲ್ಲ. ನನ್ನ ಪಾಳಿಯಲ್ಲಿ ಬರುವ ಗುಂಡೇಟಿನ ಕೇಸುಗಳು ಹೆಚ್ಚಾಗಿ ಪಿಸ್ತೂಲಿನವು. ವಾರದ ಕೊನೆಯಲ್ಲಿ ಹದಿನೇಳು ಹದಿನೆಂಟರ ಹುಡುಗರು ಒಬ್ಬರ ಹಿಂದೆ ಒಬ್ಬರು ಬರುತ್ತಾರೆ, ಅವರ ಹೆಸರು ಯಾವ ಟಿವಿಯಲ್ಲೂ ಬರುವುದಿಲ್ಲ. ರೈಫಲ್ ಬಗ್ಗೆ ಮಾತಾಡುವಾಗ ಇವರನ್ನು ಮರೆಯಬೇಡಿ ಅಂತ ಕೇಳಿಕೊಳ್ಳುತ್ತೇನೆ.

ವಿರಾಜಪೇಟೆ_ಕಾಫಿತೋಟ

ಹೆಗಡೆಯವರು ಕೊಡಗಿನ ಹೆಸರು ತೆಗೆದಿದ್ದಕ್ಕೆ ಬರೆಯುತ್ತಿದ್ದೇನೆ. ನಮ್ಮ ಹೆಸರನ್ನು ಅಮೆರಿಕದ ವಾದಕ್ಕೆ ತುಂಬಾ ಜನ ಎಳೆಯುತ್ತಾರೆ, ಅರ್ಧ ಮಾತ್ರ ಹೇಳುತ್ತಾರೆ.

1861ರಲ್ಲಿ ಮಾರ್ಕ್ ಕಬ್ಬನ್ ಕಾಲದಲ್ಲಿ ಕೊಡವರಿಗೆ ನಿಶ್ಶಸ್ತ್ರ ಕಾನೂನಿನಿಂದ ವಿನಾಯಿತಿ ಸಿಕ್ಕಿತು. ಈಗಲೂ 1959ರ ಶಸ್ತ್ರಾಸ್ತ್ರ ಕಾಯ್ದೆಯ ಕೆಳಗೆ ಕೊಡವ ಜನಾಂಗದವರಿಗೂ ಜಮ್ಮಾ (ವಂಶಪಾರಂಪರ್ಯ ಜಮೀನಿನ) ಹಿಡುವಳಿದಾರರಿಗೂ ಲೈಸೆನ್ಸ್‌ನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಇಷ್ಟು ನಿಜ.

ಆದರೆ ನಮ್ಮ ಮನೆಯಲ್ಲಿರುವುದು ಯಾವ ಕೋವಿ ಅಂತ ನೋಡಿದ್ದೀರಾ? ಅಜ್ಜನ ಕಾಲದ ಜೋಡಿ ನಳಿಗೆ. ಎರಡು ತೋಟೆ ಹಾಕಬಹುದು, ಎರಡು ಈಡು ಆದ ಮೇಲೆ ನಳಿಗೆ ಮಡಚಿ, ಖಾಲಿ ತೋಟೆ ಕಿತ್ತು, ಮತ್ತೆ ತುಂಬಬೇಕು. ಆನೆ ತೋಟಕ್ಕೆ ಬಂದಾಗ ಗಾಳಿಯಲ್ಲಿ ಹಾರಿಸುತ್ತೇವೆ. ನಮ್ಮ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ಎಲ್ಲ ಆಯುಧ ತೊಳೆದು ಮನೆಯ ನಡುಮನೆ ನೆಲ್ಲಕ್ಕಿ ನಡುಬಾಡೆಯಲ್ಲಿಟ್ಟು, ಕೋವಿಗೆ ತೋಕ್ ಪೂ ಅನ್ನುವ ಹೂವು ಸಿಕ್ಕಿಸಿ ಪೂಜೆ ಮಾಡುತ್ತೇವೆ. ಆಮೇಲೆ ಮರದ ತುದಿಗೆ ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯುವ ಪಂದ್ಯ. ವಿನಾಯಿತಿ ಇದೆ ಅಂತ ಸೈನ್ಯದ ಥರದ ಸೆಮಿ ಆಟೋಮ್ಯಾಟಿಕ್ ರೈಫಲ್ ತಂದು ಇಟ್ಟುಕೊಳ್ಳಲು ಯಾರಿಗೂ ಬಿಡುವುದಿಲ್ಲ. ಅಂಥವು ನಿಷೇಧಿತ ಪಟ್ಟಿಯಲ್ಲಿವೆ. ನಮ್ಮ ಕುಟುಂಬಗಳಲ್ಲಿ ಸೈನ್ಯದಲ್ಲಿ ಇಂಥ ರೈಫಲ್ ಹಿಡಿದು ನಿವೃತ್ತರಾದವರು ಎಷ್ಟೋ ಜನ ಇದ್ದಾರೆ, ಅವರೂ ಅದನ್ನು ರೆಜಿಮೆಂಟಿಗೆ ಒಪ್ಪಿಸಿಯೇ ಬಂದವರು.

ಇಲ್ಲಿ ಏನೂ ಆಗುವುದಿಲ್ಲ ಅಂತಲೂ ಹೇಳಬೇಡಿ. ಆಸ್ತಿ ಜಗಳದಲ್ಲಿ ಕೋವಿ ಎತ್ತಿದ್ದು, ಬೇಟೆಯಲ್ಲಿ ಹಂದಿ ಅಂತ ಜೊತೆಗಾರನಿಗೇ ಗುಂಡು ಬಿದ್ದದ್ದು ನಮ್ಮ ಜಿಲ್ಲೆಯ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಎರಡು ತೋಟೆಯ ಕೋವಿಯಲ್ಲಿ ಒಬ್ಬರೋ ಇಬ್ಬರೋ ಹೋಗುತ್ತಾರೆ. ಅದೇ ಸಿಟ್ಟು ಬಂದವನ ಕೈಯಲ್ಲಿ ಮೂವತ್ತು ಗುಂಡಿನ ಮ್ಯಾಗಜಿನ್ ಇದ್ದಿದ್ದರೆ ಇಡೀ ಒಕ್ಕವೇ, ಅಂದರೆ ಮನೆತನವೇ, ಇರುತ್ತಿರಲಿಲ್ಲ. ಕೋವಿಯನ್ನು ದೇವರ ಥರ ನೋಡುವವರು ನಾವು, ಅಷ್ಟಾದರೂ ಈ ಮಾತು ಹೇಳುತ್ತೇನೆ.

ತೀರ್ಥಹಳ್ಳಿ_ಅಡಿಕೆ

ವಿರಾಜಪೇಟೆಯವರು ಸರಿಯಾಗಿ ಹೇಳಿದಿರಿ. ನಮ್ಮ ಕಡೆ ವಿನಾಯಿತಿಯೂ ಇಲ್ಲ. ಬೆಳೆ ರಕ್ಷಣೆಗೆ ಅಂತ ಅಪ್ಪನ ಹೆಸರಿನಲ್ಲಿ ಒಂಟಿ ನಳಿಗೆಯ ಕೋವಿ ಇತ್ತು. ಅಪ್ಪ ತೀರಿಕೊಂಡ ಮೇಲೆ ಲೈಸೆನ್ಸ್ ನನ್ನ ಹೆಸರಿಗೆ ಮಾಡಿಸಲು ಠಾಣೆ, ತಾಲ್ಲೂಕು ಕಚೇರಿ, ಡಿಸಿ ಕಚೇರಿ ಅಂತ ಅಲೆದು ಚಪ್ಪಲಿ ಸವೆಯಿತು. ಚುನಾವಣೆ ಬಂತು ಅಂದರೆ ಕೋವಿ ಠಾಣೆಗೆ ಒಪ್ಪಿಸಬೇಕು. ಲೋಕಸಭೆ, ವಿಧಾನಸಭೆ, ಪಂಚಾಯ್ತಿ, ಎಲ್ಲಕ್ಕೂ ಇದೇ ಕಥೆ. ಹಂದಿ ಮಂಗಗಳಿಗೆ ನೀತಿ ಸಂಹಿತೆ ಗೊತ್ತಿಲ್ಲವಲ್ಲ, ಆ ತಿಂಗಳೇ ಬಂದು ಗದ್ದೆ ಮಲಗಿಸುತ್ತವೆ. ಹಾಗಾಗಿ ಹೆಗಡೆಯವರ ಕಷ್ಟ ನನಗೆ ಅರ್ಥ ಆಗುತ್ತದೆ, ಸರ್ಕಾರ ಕೋವಿ ಇರುವವನನ್ನೆಲ್ಲ ಕಳ್ಳನ ಥರ ನೋಡಿದರೆ ಹೊಟ್ಟೆ ಉರಿಯುತ್ತದೆ.

ಆದರೂ ನಮ್ಮಲ್ಲಿ 18 ತುಂಬಿದ ಹುಡುಗ ನೇರವಾಗಿ ಅಂಗಡಿಗೆ ಹೋಗಿ ಕೋವಿ ತರುವ ಹಾಗಿದ್ದರೆ? ಜಾತ್ರೆಯಲ್ಲಿ, ಕಬಡ್ಡಿ ಪಂದ್ಯದಲ್ಲಿ ಜಗಳ ಆದ ರಾತ್ರಿಗಳನ್ನು ನೆನೆಸಿಕೊಂಡರೆ ಮೈ ಜುಮ್ ಅನ್ನುತ್ತದೆ. ಅಲೆದಾಡಿಸಿದ್ದಕ್ಕೆ ಬೈಯುತ್ತೇನೆ, ಅಲೆದಾಟವೇ ಇಲ್ಲದಿದ್ದರೆ ಅಂತ ಯೋಚಿಸಿದರೆ ಹೆದರುತ್ತೇನೆ.

ಹಿಲ್‌ಕಂಟ್ರಿ_ಹೆಗಡೆ

ಕೊಡಗಿನ ಅಣ್ಣ, ನಿಮ್ಮ ಮಾತಿಗೆ ಗೌರವ ಇದೆ. ತೀರ್ಥಹಳ್ಳಿಯವರ ಮಾತಿನಲ್ಲೇ ನನ್ನ ಭಯವೂ ಇದೆ ನೋಡಿ. ಪರವಾನಗಿ ಅಂತ ಶುರುವಾದರೆ ಅದು ಅಧಿಕಾರಿಯ ಮರ್ಜಿ ಆಗುತ್ತದೆ. ನ್ಯೂಯಾರ್ಕಿನಲ್ಲಿ ಪಿಸ್ತೂಲು ಒಯ್ಯಲು "ಸರಿಯಾದ ಕಾರಣ" ತೋರಿಸಿ ಅಂತ ನೂರು ವರ್ಷಕ್ಕೂ ಜಾಸ್ತಿ ಸತಾಯಿಸಿದರು, 2022ರ ಬ್ರೂಯನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಕಿತ್ತುಹಾಕಿತು. ಬಣ್ಣ ಬೇರೆ, ಉಚ್ಚಾರಣೆ ಬೇರೆ ಇರುವ ನಮ್ಮಂಥವರ ಅರ್ಜಿಯನ್ನು ಯಾವುದೋ ಊರಿನ ಶೆರಿಫ್ (ಕೌಂಟಿಯ ಪೊಲೀಸ್ ಮುಖ್ಯಸ್ಥ) ಮೂಲೆಗೆ ಹಾಕುವುದಿಲ್ಲ ಅಂತ ಹೇಗೆ ನಂಬಲಿ? ಹಕ್ಕು ಅಂದ ಮೇಲೆ ಅದಕ್ಕೆ ಅಪ್ಪಣೆ ಕೇಳುವ ಹಾಗಿರಬಾರದು.

ಅಸಾಲ್ಟ್ ಬಂದೂಕುಗಳ ಮೇಲಿನ 1994ರ ಫೆಡರಲ್ ನಿಷೇಧ ಏನು ಮಾಡಿತು? ಪಿಸ್ತೂಲ್ ಹಿಡಿಕೆ, ಮಡಚುವ ಹಿಂಭಾಗ, ಬಯೋನೆಟ್ (ನಳಿಗೆಯ ತುದಿಯ ಚೂರಿ) ಸಿಕ್ಕಿಸುವ ಕೊಕ್ಕೆ, ಇಂಥವು ಎರಡು ಇದ್ದರೆ ನಿಷಿದ್ಧ, ಒಂದಿದ್ದರೆ ಸರಿ. ಕಂಪನಿಗಳು ಕೊಕ್ಕೆ ಕತ್ತರಿಸಿ ಅದೇ ರೈಫಲ್ ಮಾರಿದವು. ಹಳೆಯವು ಹಾಗೇ ಉಳಿದವು. 2004ರಲ್ಲಿ ಅವಧಿ ಮುಗಿದಾಗ ಸರ್ಕಾರವೇ ದುಡ್ಡು ಕೊಟ್ಟು ಮಾಡಿಸಿದ ಅಧ್ಯಯನ ಕೂಡ ಪರಿಣಾಮ ಇದ್ದರೂ ತೀರಾ ಕಡಿಮೆ ಅಂತಲೇ ಹೇಳಿತು. ಬಯೋನೆಟ್ ಚುಚ್ಚಿ ಯಾರು ಸತ್ತಿದ್ದರು ಹೇಳಿ?

ಆಕ್ಲೆಂಡ್_ಗೌಡ

ನ್ಯೂಜಿಲೆಂಡಿನಿಂದ ಬರೆಯುತ್ತಿದ್ದೇನೆ. ಫ್ರಿಸ್ಕೋದವರೇ, ಪರವಾನಗಿ ಒಂದಿದ್ದರೆ ಸಾಕು ಅಂದುಕೊಂಡಿದ್ದರೆ ನಮ್ಮ ಕಥೆ ಕೇಳಿ.

ಇಲ್ಲಿ 1983ರ ಕಾನೂನಿನಿಂದಲೂ ಮನುಷ್ಯನಿಗೇ ಪರವಾನಗಿ. ಪೊಲೀಸರು ಮನೆಗೆ ಬಂದು ಮಾತಾಡಿಸುತ್ತಾರೆ, ಬಲ್ಲವರನ್ನು ವಿಚಾರಿಸುತ್ತಾರೆ. 2019ರ ಮಾರ್ಚ್ 15ರಂದು ಕ್ರೈಸ್ಟ್‌ಚರ್ಚ್‌ನ ಎರಡು ಮಸೀದಿಗಳಲ್ಲಿ 51 ಜನರನ್ನು ಕೊಂದವನಿಗೆ ಆ ಪರವಾನಗಿ ಇತ್ತು. ಹತ್ತಿರದ ಸಂಬಂಧಿಕರನ್ನು ಕೇಳಬೇಕಿತ್ತು, ಅದರ ಬದಲು ಆನ್‌ಲೈನ್ ಗೇಮ್‌ನಲ್ಲಿ ಪರಿಚಯವಾದ ಗೆಳೆಯನ ಮಾತು ನಂಬಿದರು. 2020ರ ರಾಯಲ್ ಕಮಿಷನ್ ವರದಿ ಇದನ್ನು ಎತ್ತಿ ಹೇಳಿತು. ಸತ್ತವರಲ್ಲಿ ಭಾರತದವರೂ ಇದ್ದರು. ಆ ಶುಕ್ರವಾರ ಸಂಜೆ ನಮ್ಮ ಬೀದಿಯಲ್ಲಿ ಯಾರೂ ಮಾತಾಡಲಿಲ್ಲ, ಎಲ್ಲ ಮನೆಯಲ್ಲೂ ಟಿವಿ ಮುಂದೆ ಕೂತಿದ್ದರು.

ಒಂದು ತಿಂಗಳೊಳಗೆ ಸಂಸತ್ತು 119ಕ್ಕೆ 1 ಮತದಿಂದ ಸೈನ್ಯದ ಥರದ ಸೆಮಿ ಆಟೋಮ್ಯಾಟಿಕ್‌ಗಳನ್ನು ನಿಷೇಧಿಸಿತು. ಜನರಿಂದ ದುಡ್ಡು ಕೊಟ್ಟು ವಾಪಸ್ ಪಡೆದರು, 56 ಸಾವಿರದಷ್ಟು ಬಂದೂಕು ಬಂದವು. ನಮ್ಮ ಪಕ್ಕದ ರೈತರೊಬ್ಬರು ತಮ್ಮದನ್ನು ಕೊಟ್ಟು ಬಂದರು, ಮೊಲ ಹೊಡೆಯಲು ಈಗ ಚಿಕ್ಕ ರೈಫಲ್ ಬಳಸುತ್ತಾರೆ. ಬೇಜಾರು ಇತ್ತು ಅವರಿಗೆ, ಕಾಫಿ ಕುಡಿಯುತ್ತಾ ಗೊಣಗಿದರು ಕೂಡ, ಆದರೆ ಕೊಟ್ಟರು.

ಅಮೆರಿಕದಲ್ಲಿ ಎರಡು ಕೋಟಿ ರೈಫಲ್ ವಾಪಸ್ ತಗೊಳ್ಳುವುದು ಆಗದ ಕೆಲಸ, ಒಪ್ಪುತ್ತೇನೆ. ಆದರೆ ತಪಾಸಣೆ ಮಾಡುವವರೂ ಮನುಷ್ಯರೇ, ತಪ್ಪುತ್ತಾರೆ. ತಪ್ಪಿದ ದಿನ ಅವನ ಕೈಯಲ್ಲಿ ಏನಿರುತ್ತದೆ ಅನ್ನುವುದೂ ಮುಖ್ಯ.

ಹೊಸಬ_ಎಚ್‌ಒನ್‌ಬಿ

ಒಂದು ಸಣ್ಣ ಪ್ರಶ್ನೆ ಅಣ್ಣಂದಿರೇ. ನಾನು ಎಚ್-1ಬಿ ವೀಸಾದಲ್ಲಿ ಇದ್ದೇನೆ. ಆಫೀಸಿನವರು ರೇಂಜಿಗೆ ಕರೆಯುತ್ತಿದ್ದಾರೆ. ಬೇಟೆ ಲೈಸೆನ್ಸ್ ಮಾಡಿಸಿದರೆ ನಾನೂ ಬಂದೂಕು ಕೊಳ್ಳಬಹುದಂತೆ, ನಿಜವಾ?

ಎಡಿಸನ್_ಅಕ್ಕ

ತಮ್ಮಾ, ಫೆಡರಲ್ ಕಾನೂನಿನಲ್ಲಿ ಎಚ್-1ಬಿಯಂಥ ತಾತ್ಕಾಲಿಕ ವೀಸಾದವರು ಬಂದೂಕಾಗಲಿ ಗುಂಡಾಗಲಿ ಇಟ್ಟುಕೊಳ್ಳುವ ಹಾಗಿಲ್ಲ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ, ಅದು ನಿಜ. ಆದರೆ ಲೈಸೆನ್ಸ್ ಅವಧಿ ಮುಗಿದ ದಿನದಿಂದ ಮನೆಯಲ್ಲಿರುವ ಬಂದೂಕೇ ಅಪರಾಧ. ನವೀಕರಿಸಲು ಮರೆತರೆ ವೀಸಾ, ಗ್ರೀನ್ ಕಾರ್ಡ್ ಎಲ್ಲಕ್ಕೂ ಕುತ್ತು. ಒಬ್ಬ ವಲಸೆ ವಕೀಲರನ್ನು ಕೇಳದೆ ರೇಂಜಿನಲ್ಲಿ ಬಂದೂಕು ಮುಟ್ಟಲೂ ಹೋಗಬೇಡ.

ಫ್ರಿಸ್ಕೋ_ಕನ್ನಡಿಗ

ಎಲ್ಲರಿಗೂ ಧನ್ಯವಾದ. ಹೆಗಡೆಯವರೇ, ನಿಮ್ಮ ಮಾತುಗಳಿಗೆ ಒಂದೊಂದಾಗಿ ಬರುತ್ತೇನೆ, ಉದ್ದ ಆದರೆ ಕ್ಷಮಿಸಿ.

ಮೊದಲು ಸದರ್ಲೆಂಡ್ ಸ್ಪ್ರಿಂಗ್ಸ್. ಆ ಪಕ್ಕದ ಮನೆಯವರ ಧೈರ್ಯದ ಬಗ್ಗೆ ಎರಡು ಮಾತಿಲ್ಲ. ಆದರೆ ಕೊಂದವನಿಗೆ ರೈಫಲ್ ಸಿಕ್ಕಿದ್ದು ಹೇಗೆ? ವಾಯುಪಡೆಯಲ್ಲಿದ್ದಾಗ ಹೆಂಡತಿ ಮಗುವಿಗೆ ಹೊಡೆದು ಶಿಕ್ಷೆಯಾಗಿತ್ತು. ಆ ವಿಷಯ ಎಫ್‌ಬಿಐ ಪಟ್ಟಿಗೆ ಹೋಗಲೇ ಇಲ್ಲ, ಅಂಗಡಿಯವರು ತಪಾಸಣೆ ಮಾಡಿದಾಗ ಏನೂ ಬರಲಿಲ್ಲ, ಕೊಟ್ಟರು. 2021ರಲ್ಲಿ ನ್ಯಾಯಾಲಯ ಸರ್ಕಾರದ ಪಾಲಿನ ಹೊಣೆಯೇ ಜಾಸ್ತಿ, 60 ಶೇಕಡಾ ಅಂತ ಹೇಳಿತು. ಪೊಲೀಸರು ಒಬ್ಬ ಅರ್ಜಿದಾರನ ಮನೆಯವರನ್ನು ಕೂರಿಸಿ ಕೇಳಿದ್ದರೆ ಇದು ಹೊರಬರುತ್ತಿತ್ತು ಅಂತ ನನ್ನ ನಂಬಿಕೆ. ಕಂಪ್ಯೂಟರ್ ಪಟ್ಟಿಯಲ್ಲಿ ಇಲ್ಲದ್ದು ಹೆಂಡತಿಗೆ, ಅತ್ತೆಗೆ, ಪಕ್ಕದವರಿಗೆ ಗೊತ್ತಿರುತ್ತದೆ.

ಇನ್ನೊಂದು, ನನ್ನನ್ನು ಜಾಸ್ತಿ ಕಾಡುವುದು, ಇಂಡಿಯಾನಾಪೊಲಿಸ್. 2021ರ ಏಪ್ರಿಲ್ 15ರಂದು ಫೆಡೆಕ್ಸ್ ಗೋದಾಮಿನಲ್ಲಿ ಎಂಟು ಜನ ಸತ್ತರು, ಅದರಲ್ಲಿ ನಾಲ್ವರು ಸಿಖ್ಖರು. ಕೊಂದವನಿಗೆ 19 ವರ್ಷ. ಒಂದು ವರ್ಷ ಮೊದಲು ಅವನ ತಾಯಿಯೇ ಪೊಲೀಸರನ್ನು ಕರೆದಿದ್ದಳು, ಮಗ ಏನೋ ಮಾಡಿಕೊಳ್ಳುತ್ತಾನೆ ಅಂತ. ಪೊಲೀಸರು ಬಂದು ಅವನ ಶಾಟ್‌ಗನ್ ತಗೊಂಡು ಹೋದರು, ವಾಪಸ್ ಕೊಡಲೂ ಇಲ್ಲ. ಅಪಾಯ ಅನ್ನಿಸಿದವರ ಬಂದೂಕನ್ನು ಕೋರ್ಟ್ ಆದೇಶದಿಂದ ತೆಗೆದುಕೊಳ್ಳುವ ರೆಡ್ ಫ್ಲ್ಯಾಗ್ ಕಾನೂನು ಇಂಡಿಯಾನಾದಲ್ಲಿ ಆಗಲೇ ಇತ್ತು. ಆದರೆ ನ್ಯಾಯಾಧೀಶರ ಮುಂದೆ ಕೇಸು ಹೋಗಲಿಲ್ಲ. ಹಾಗಾಗಿ ಕೊಳ್ಳಬಾರದು ಅನ್ನುವ ಪಟ್ಟಿಗೆ ಅವನ ಹೆಸರು ಸೇರಲಿಲ್ಲ. ಕೆಲವೇ ತಿಂಗಳಲ್ಲಿ ಅಂಗಡಿಗೆ ಹೋಗಿ ಎಆರ್ ಥರದ ಎರಡು ರೈಫಲ್ ಕೊಂಡ, ಒಂದು ಜುಲೈಯಲ್ಲಿ, ಇನ್ನೊಂದು ಸೆಪ್ಟೆಂಬರ್‌ನಲ್ಲಿ. ಎಲ್ಲ ಕಾನೂನುಬದ್ಧ. ಹೆತ್ತ ತಾಯಿ ಹೇಳಿದ ಮಾತು ಅಂಗಡಿಯ ಕೌಂಟರ್‌ವರೆಗೆ ಬರಲಿಲ್ಲ. ಇಂಥವನು ಬೆರಳಚ್ಚು ಕೊಟ್ಟು, ಬಲ್ಲವರ ಹೆಸರು ಕೊಟ್ಟು, ಠಾಣೆಯಲ್ಲಿ ಕೂತು ಉತ್ತರ ಹೇಳಬೇಕಾಗಿದ್ದರೆ ಸಿಗುತ್ತಿತ್ತಾ? ನಮ್ಮ ಟೆಕ್ಸಸ್ ಮಾತ್ರ 2025ರಲ್ಲಿ ರೆಡ್ ಫ್ಲ್ಯಾಗ್ ಆದೇಶಗಳನ್ನೇ ತಡೆಯುವ ಕಾನೂನು ಮಾಡಿದೆ. ಇದು ನನಗೆ ನೋವು ಕೊಟ್ಟ ವಿಷಯ.

ಬಯೋನೆಟ್ ಕೊಕ್ಕೆಯ ವಿಷಯದಲ್ಲಿ ನೀವು ಹೇಳಿದ್ದು ಪೂರ್ತಿ ಸರಿ. ಹಿಡಿಕೆ ಲೆಕ್ಕ ಹಾಕುವ ಕಾನೂನು ನನಗೂ ಬೇಡ. ಆದರೆ ಅದೇ 2004ರ ಅಧ್ಯಯನ ಇನ್ನೊಂದು ಮಾತು ಹೇಳಿದೆ, ಹತ್ತಕ್ಕಿಂತ ಜಾಸ್ತಿ ಗುಂಡು ಹಿಡಿಯುವ ಮ್ಯಾಗಜಿನ್ ಮೇಲಿನ ಮಿತಿಯೇ ಆ ಕಾನೂನಿನಲ್ಲಿ ಮುಖ್ಯ ಭಾಗ ಅಂತ. 2011ರ ಜನವರಿಯಲ್ಲಿ ಟ್ಯೂಸಾನ್‌ನಲ್ಲಿ ಸಂಸದೆಯ ಸಭೆ ಮೇಲೆ ಗುಂಡು ಹಾರಿಸಿದವನ ಕೈಯಲ್ಲಿ ಪಿಸ್ತೂಲು, ಅದಕ್ಕೆ 33 ಗುಂಡಿನ ಉದ್ದ ಮ್ಯಾಗಜಿನ್. ಅದು ಖಾಲಿಯಾಗಿ ಇನ್ನೊಂದು ತುಂಬಲು ಹೋದಾಗ ಜನ ಮೇಲೆ ಬಿದ್ದು ಹಿಡಿದರು, ಒಬ್ಬ ಮಹಿಳೆ ಅವನ ಕೈಯಿಂದ ಹೊಸ ಮ್ಯಾಗಜಿನ್ ಕಿತ್ತುಕೊಂಡರು. ಅಷ್ಟರಲ್ಲಿ ಆರು ಜನ ಸಾಯುವಂಥ ಗುಂಡೇಟು ಬಿದ್ದಾಗಿತ್ತು, ಒಂಬತ್ತು ವರ್ಷದ ಹುಡುಗಿ ಸೇರಿ. ಹತ್ತಕ್ಕೇ ಖಾಲಿಯಾಗಿದ್ದರೆ ಆ ಹೆಂಗಸಿಗೆ ಅಷ್ಟು ಬೇಗ ಅವಕಾಶ ಸಿಗುತ್ತಿತ್ತು. ಲಾಸ್ ವೇಗಸ್‌ನಲ್ಲಿ 2017ರಲ್ಲಿ ಸಂಗೀತ ಕಾರ್ಯಕ್ರಮಕ್ಕೆ ಸೇರಿದ್ದ ಜನರ ಮೇಲೆ ಸುಮಾರು ಹತ್ತು ನಿಮಿಷದಲ್ಲಿ ಸಾವಿರಕ್ಕೂ ಜಾಸ್ತಿ ಗುಂಡು ಹಾರಿತು. ಹಂದಿ ಹಿಂಡಿಗೆ ಹತ್ತು ಗುಂಡು ಸಾಲದು ಅಂತೀರಾ? ಅದಕ್ಕೆ ಜಮೀನಿನವರಿಗೆ ಬೇರೆ ದಾರಿ ಮಾಡಬಹುದು, ಅದು ಬಗೆಹರಿಯದ ಸಮಸ್ಯೆ ಅಲ್ಲ.

ಆಕ್ಲೆಂಡ್ ಗೌಡರ ಮಾತು ಮನಸ್ಸಿಗೆ ತಟ್ಟಿತು. ಮ್ಯಾಗಜಿನ್ ಮಿತಿಯನ್ನು ಪರವಾನಗಿಯ ಜೊತೆಗೇ ಕೇಳುವುದು ಅದಕ್ಕೇ. ತಪಾಸಣೆ ಸೋತ ದಿನಕ್ಕೆ ಅದು ಬೇಕು.

ಅಧಿಕಾರಿಯ ಮರ್ಜಿ ಅಂದಿರಿ. ಆ ಭಯ ಸುಮ್ನೆ ಅಲ್ಲ, ನನಗೂ ಇದೆ. ಬ್ರೂಯನ್ ತೀರ್ಪು ತೆಗೆದದ್ದು ಮರ್ಜಿಯನ್ನು. ಬೆರಳಚ್ಚು, ತರಬೇತಿ, ಹಿನ್ನೆಲೆ ವಿಚಾರಣೆ ಇರುವ, ಅರ್ಹತೆ ಇದ್ದವರಿಗೆ ಕೊಡಲೇಬೇಕಾದ ಪರವಾನಗಿಯನ್ನು ಅದು ತೆಗೆಯಲಿಲ್ಲ. ಮಿಸೌರಿಯಲ್ಲಿ 2007ರಲ್ಲಿ ಪಿಸ್ತೂಲು ಕೊಳ್ಳುವ ಪರವಾನಗಿ ರದ್ದು ಮಾಡಿದ ಮೇಲೆ ಬಂದೂಕಿನ ಕೊಲೆಗಳು ಏರಿದವು ಅಂತ ಜಾನ್ಸ್ ಹಾಪ್ಕಿನ್ಸ್‌ನ ಸಂಶೋಧಕರು ತೋರಿಸಿದ್ದಾರೆ. ಅಂದರೆ ಶಿಕಾಗೋದ ನರ್ಸ್ ಮೇಡಂ ಹೇಳಿದ ಆ ಹುಡುಗರಿಗೂ ಪರವಾನಗಿ ಪ್ರಯೋಜನಕ್ಕೆ ಬರುತ್ತದೆ, ರೈಫಲ್‌ಗೆ ಮಾತ್ರ ಅಲ್ಲ.

ಹಿಲ್‌ಕಂಟ್ರಿ_ಹೆಗಡೆ

ಸಮಾಧಾನವಾಗಿ ಬರೆದಿದ್ದಕ್ಕೆ ಥ್ಯಾಂಕ್ಸ್. ಇಂಡಿಯಾನಾಪೊಲಿಸ್ ವಿಷಯದಲ್ಲಿ ನನ್ನದು ಒಂದೇ ಮಾತು, ಇದ್ದ ಕಾನೂನನ್ನು ಬಳಸಲಿಲ್ಲ. ಹೊಸದು ಮಾಡುವ ಮೊದಲು ಇದ್ದದ್ದನ್ನು ನಡೆಸಲಿ. ಪೊಲೀಸರು ಬಂದೂಕು ಕಿತ್ತುಕೊಂಡರೆ ಎರಡು ವಾರದಲ್ಲಿ ನ್ಯಾಯಾಧೀಶರ ಮುಂದೆ ಇಡಲೇಬೇಕು ಅಂತ ಮಾಡಿದರೆ ನಾನು ಬೆಂಬಲಿಸುತ್ತೇನೆ. ಆರೋಪಿಗೆ ವಕೀಲರನ್ನೂ ಕೊಡಬೇಕು.

ವಯಸ್ಸಿನ ಬಗ್ಗೆ ಒಪ್ಪಲಾರೆ. 18ಕ್ಕೆ ಸೈನ್ಯಕ್ಕೆ ಕಳಿಸುತ್ತೀರಿ, ಮತ ಹಾಕಿಸುತ್ತೀರಿ. 2025ರ ಜನವರಿಯಲ್ಲಿ ಟೆಕ್ಸಸ್ ಸೇರುವ ಫೆಡರಲ್ ಮೇಲ್ಮನವಿ ನ್ಯಾಯಾಲಯ, ಐದನೇ ಸರ್ಕ್ಯೂಟ್ ಕೋರ್ಟ್, ಅಂಗಡಿಯಲ್ಲಿ ಪಿಸ್ತೂಲಿಗೆ 21 ಅನ್ನುವುದೇ ಸಂವಿಧಾನಕ್ಕೆ ವಿರುದ್ಧ ಅಂತ ಹೇಳಿದೆ. 2022ರ ಫೆಡರಲ್ ಕಾನೂನಿನ ನಂತರ 21ಕ್ಕಿಂತ ಚಿಕ್ಕವರು ಕೊಂಡರೆ ಬಾಲಾಪರಾಧದ ದಾಖಲೆಯನ್ನೂ ನೋಡುತ್ತಾರೆ, ಹತ್ತು ಕೆಲಸದ ದಿನಗಳವರೆಗೆ ತಡೆಹಿಡಿಯಬಹುದು. ಅದು ಸಾಕು. ಮ್ಯಾಗಜಿನ್ ಮಿತಿಯೂ ಬೇಡ. ರಾತ್ರಿ ಮನೆಗೆ ನಾಲ್ಕು ಜನ ನುಗ್ಗಿದರೆ ನನ್ನ ಹೆಂಡತಿ ಹತ್ತು ಗುಂಡು ಎಣಿಸಿಕೊಂಡು ಕೂರಬೇಕಾ? ಶೆರಿಫ್ ನಮ್ಮ ಜಮೀನಿಗೆ ಬರಲು ಎಷ್ಟು ಹೊತ್ತು ಬೇಕು ಅಂತ ಪೇಟೆಯಲ್ಲಿರುವವರಿಗೆ ಗೊತ್ತಿಲ್ಲ.

ಶಿಕಾಗೋ_ನರ್ಸ್

ಹೆಗಡೆ ಸರ್, ಒಂದು ಕೇಳಬಹುದಾ? ನಿಮ್ಮ ರೈಫಲ್ ಬೀಗದ ಪೆಟ್ಟಿಗೆಯಲ್ಲಿದೆಯಾ? ಮನೆಯಲ್ಲಿ ಮಕ್ಕಳಿದ್ದಾರೆ ಅಂತ ಅಂದುಕೊಂಡು ಕೇಳುತ್ತಿದ್ದೇನೆ, ತಪ್ಪು ತಿಳಿಯಬೇಡಿ. 26 ಸಾವಿರ ಆತ್ಮಹತ್ಯೆ ಅಂತ ನೀವೇ ಬರೆದಿರಿ. ಹದಿಹರೆಯದವರು ಆ ಕೆಲಸಕ್ಕೆ ಬಳಸುವುದು ಹೆಚ್ಚಾಗಿ ಸ್ವಂತ ಮನೆಯ ಬಂದೂಕನ್ನೇ.

ಹಿಲ್‌ಕಂಟ್ರಿ_ಹೆಗಡೆ

ಇದೆ ಮೇಡಂ. ಉಕ್ಕಿನ ಸೇಫ್, ಗೋಡೆಗೆ ಬೋಲ್ಟ್ ಹಾಕಿದ್ದು. ಗುಂಡುಗಳು ಬೇರೆ ಪೆಟ್ಟಿಗೆಯಲ್ಲಿ. ಮಗನಿಗೆ ಹದಿನೈದು, ನಂಬರ್ ಅವನಿಗೆ ಗೊತ್ತಿಲ್ಲ. ಅವನ ಗೆಳೆಯರ ಮನೆಗಳಲ್ಲಿ ಹೇಗಿದೆ ಅಂತ ಮಾತ್ರ ಇವತ್ತಿನವರೆಗೆ ಕೇಳಿಲ್ಲ. ಕೇಳುತ್ತೇನೆ.

ಫ್ರಿಸ್ಕೋ_ಕನ್ನಡಿಗ

ಕೋರ್ಟಿನ ಕಥೆ ಇನ್ನೂ ಮುಗಿದಿಲ್ಲ. ಮೇರಿಲೆಂಡಿನ ಎಆರ್-15 ನಿಷೇಧದ ಮೇಲ್ಮನವಿಯನ್ನು 2025ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಕೈಗೆತ್ತಿಕೊಳ್ಳಲಿಲ್ಲ, ಆದರೆ ಮುಂದೆ ಬೇಗನೇ ನೋಡಬೇಕಾಗುತ್ತದೆ ಅಂತ ನ್ಯಾಯಮೂರ್ತಿ ಕ್ಯಾವನಾ ಬರೆದರು. ರಾಜ್ಯಗಳ ನಿಷೇಧ ಬಿದ್ದರೂ ಬೀಳಬಹುದು. ಅದಕ್ಕೇ ಪರವಾನಗಿ ಮತ್ತು ವಯಸ್ಸಿನ ಮೇಲೆ ಈಗಲೇ ಕೆಲಸ ಆಗಲಿ ಅಂತ ನನ್ನ ಆಸೆ.

ಟೆಕ್ಸಸ್‌ನಲ್ಲಿ ಇರುವವರಿಗೆ ಒಂದು ವಿನಂತಿ. 2023ರಲ್ಲಿ ಆ್ಯಲನ್ ಗುಂಡಿನ ದಾಳಿ ಆಗಿ ಎರಡೇ ದಿನಕ್ಕೆ, ಈ ಥರದ ರೈಫಲ್ ಕೊಳ್ಳಲು 21 ಆಗಿರಬೇಕು ಅನ್ನುವ ಮಸೂದೆ ವಿಧಾನಸಭೆಯ ಸಮಿತಿಯಲ್ಲಿ 8-5 ಮತದಿಂದ ಪಾಸಾಯಿತು. ಉವಾಲ್ಡೆಯ ಅಪ್ಪ ಅಮ್ಮಂದಿರು ಅಲ್ಲೇ ಇದ್ದರು, ಅತ್ತರು. ಆಮೇಲೆ ಗಡುವು ಮುಗಿಯಿತು ಅಂತ ಮತಕ್ಕೇ ಬರಲಿಲ್ಲ. ನಮ್ಮ ಶಾಸನಸಭೆಯ ನಿಯಮಿತ ಅಧಿವೇಶನ ಬೆಸ ವರ್ಷಗಳ ಜನವರಿಯಲ್ಲಿ ಮಾತ್ರ ಶುರುವಾಗುತ್ತದೆ. ಮತದ ಹಕ್ಕು ಇಲ್ಲದವರೂ ಶಾಸಕರಿಗೆ ಪತ್ರ ಬರೆಯಬಹುದು, ಸಮಿತಿಯ ಮುಂದೆ ಹೆಸರು ಕೊಟ್ಟು ಮಾತಾಡಬಹುದು. ನಾನು ಒಂದು ಪುಟದ ಪತ್ರ ಬರೆಯುತ್ತಿದ್ದೇನೆ, 21 ವಯಸ್ಸು, ಖಾಸಗಿ ಮಾರಾಟಕ್ಕೂ ತಪಾಸಣೆ, ಬೀಗದ ಪೆಟ್ಟಿಗೆ, ಇಷ್ಟು ಮೂರು ವಿಷಯ. ಹೆಗಡೆಯವರೇ, ಮೂರನೆಯದಕ್ಕಾದರೂ ನೀವು ಸಹಿ ಹಾಕುತ್ತೀರಾ? ಬೇಕಾದರೆ ಅದನ್ನೇ ಬೇರೆ ಪತ್ರ ಮಾಡುತ್ತೇನೆ.

ಹಿಲ್‌ಕಂಟ್ರಿ_ಹೆಗಡೆ

ಬೇರೆ ಮಾಡಿ ಕಳಿಸಿ. ಕಡ್ಡಾಯ ಅಂತ ಬರೆಯಬೇಡಿ, ಸೇಫ್ ಕೊಂಡವರಿಗೆ ತೆರಿಗೆ ಕಡಿಮೆ ಮಾಡಿ ಅಂತ ಬರೆಯಿರಿ. ಹಾಗಿದ್ದರೆ ನನ್ನ ಸಹಿ ಇರುತ್ತದೆ, ರೇಂಜಿನ ಗೆಳೆಯರ ಹತ್ತಿರವೂ ಹಾಕಿಸಿ ಕೊಡುತ್ತೇನೆ. ಮೊದಲೆರಡಕ್ಕೆ ನಾನು ಎದುರು ಬದಿಯಲ್ಲೇ ಕೂತು ಮಾತಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.